ಕಾರ್ ಆಡಿಯೊ ಡೆಮೊ ಬೋರ್ಡಿನ ಸ್ವಿಚಿಂಗ್ ಯೂನಿಟ್: ಕೆಲವು ವರ್ಷಗಳ ಬಳಕೆಯ ನಂತರ

ಮೂರು ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನಲ್ಲಿ ಕೂರಿಸುವ ಸ್ಟೀರಿಯೊ), ಎರಡು ಆಂಪ್ಲಿಫೈಯರ್ ಮತ್ತು ಎಂಟು ಜೋಡಿ ಸ್ಪೀಕರುಗಳಲ್ಲಿ ಗ್ರಾಹಕರು ಕೇಳಿದ್ದನ್ನು ಗುಂಡಿ ಒತ್ತಿ ಜೋಡಿಸುವ, ರಿಲೇಗಳಿಂದ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳಿಂದ) ಕೆಲಸ ಮಾಡುವ ಈ ಯೂನಿಟ್ಟನ್ನು ದಾವಣಗೆರೆಯ ನಮ್ಮ ಅಂಗಡಿಯ ಡೆಮೊ ಬೋರ್ಡಿಗೆ ಅಳವಡಿಸಿ ಕೆಲವು ವರ್ಷಗಳಾದವು. ಹೊಸದಾಗಿ ಬೋರ್ಡ್ ಕಟ್ಟಿಸುವವರಿಗೆ ನೆರವಾಗಲೆಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ಇದರ ಮೊದಲ ಗುಣವೆಂದರೆ ಪ್ರತಿ ಸ್ಪೀಕರಿನ ಪ್ಲಸ್ ಮತ್ತು ಮೈನಸ್ ಎರಡೂ ತಂತಿಗಳನ್ನು ಅದು ಒಟ್ಟಿಗೆ ಕಡಿದು ಒಟ್ಟಿಗೆ ಜೋಡಿಸುತ್ತದೆ. ಇಂದಿನ ಹೆಡ್ ಯೂನಿಟ್ಟುಗಳ ಸ್ಪೀಕರ್ ಔಟ್‌ಪುಟ್ ಬ್ರಿಡ್ಜ್ ಮಾದರಿಯದಾಗಿರುವುದರಿಂದ ಮೈನಸ್ ತಂತಿಯಲ್ಲಿಯೂ ಸಿಗ್ನಲ್ ಇರುತ್ತದೆ. ಎಲ್ಲ ಮೈನಸ್‌ಗಳನ್ನು ಒಂದುಗೂಡಿಸಿ ಪ್ಲಸ್ ಮಾತ್ರ ಬದಲಾಯಿಸುವ ಅಗ್ಗದ ಸ್ವಿಚ್ ಬಾಕ್ಸುಗಳು ಔಟ್‌ಪುಟ್ ಐಸಿಯನ್ನೇ ಸುಟ್ಟುಬಿಡಬಲ್ಲವು. ಹಳೆಯ ಜೋಡಣೆ ಪೂರ್ತಿ ಬಿಟ್ಟ ಮೇಲೆಯೇ ಹೊಸದು ಕೂಡುವಂತೆ ಇದರಲ್ಲಿ ಕ್ಷಣಕಾಲ ಮ್ಯೂಟ್ ಇರುವುದರಿಂದ, ಎರಡು ಜೋಡಿ 4 ಓಮ್ ಸ್ಪೀಕರುಗಳು ಸಮಾಂತರವಾಗಿ ಬಿದ್ದು 2 ಓಮ್ ಆಗಿ ಆಂಪ್ಲಿಫೈಯರಿಗೆ ಹೊರೆಯಾಗುವ ಅಪಾಯವೂ ಇಲ್ಲ. ಕಾಂಪೊನೆಂಟ್ ಸೆಟ್ಟುಗಳ (ಟ್ವೀಟರ್ ಮತ್ತು ವೂಫರ್ ಬೇರೆಬೇರೆಯಾಗಿರುವ ಸ್ಪೀಕರುಗಳ) ವಿಷಯದಲ್ಲಿ ಮಾತ್ರ ನಾವೇ ಎಚ್ಚರ ವಹಿಸಬೇಕು: ಪ್ರತಿ ಸೆಟ್ಟಿಗೂ ಅದರದೇ ಕ್ರಾಸ್‌ಓವರ್ (ಮೇಲಿನ ಮತ್ತು ಕೆಳಗಿನ ಸ್ವರಗಳನ್ನು ಬೇರ್ಪಡಿಸುವ ಸರ್ಕಿಟ್) ಇರುವುದರಿಂದ ರಿಲೇಯ ತಂತಿ ಕ್ರಾಸ್‌ಓವರಿಗೆ ಬರಬೇಕು, ಅಲ್ಲಿಂದ ಟ್ವೀಟರ್ ಮತ್ತು ವೂಫರಿಗೆ ಹೋಗಬೇಕು.

ಆದರೆ ನಾನು ಈ ಯೂನಿಟ್ಟನ್ನು ಮೆಚ್ಚಿದ್ದು ಮುಖ್ಯವಾಗಿ ಅದರ ಲೆವೆಲ್ ಹೊಂದಾಣಿಕೆಗಾಗಿ. ಎರಡು ಸ್ಪೀಕರುಗಳಲ್ಲಿ ತುಸು ಜೋರಾಗಿ ನುಡಿಯುವುದೇ ಒಳ್ಳೆಯದೆಂದು ಕಿವಿಗೆ ತೋರುತ್ತದೆ. ಒಂದು ಡೆಸಿಬೆಲ್ ವ್ಯತ್ಯಾಸವೂ ಆಯ್ಕೆಯನ್ನು ತಿರುಗಿಸಬಲ್ಲದು. ಸೂಕ್ಷ್ಮತೆ (ಒಂದೇ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) 88 ಡೆಸಿಬೆಲ್ ಇರುವ ಸ್ಪೀಕರು 92 ಡೆಸಿಬೆಲ್ಲಿನದಕ್ಕೆ ಸಮನಾಗಿ ಕೇಳಿಸಬೇಕಾದರೆ ಅದಕ್ಕೆ ಸುಮಾರು ಎರಡೂವರೆ ಪಟ್ಟು ಶಕ್ತಿ ಬೇಕು. ಗ್ರಾಹಕರು ನಿಲ್ಲುವ ಜಾಗದಲ್ಲಿ ಧ್ವನಿಮಾಪಕವಿಟ್ಟು, ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಪರೀಕ್ಷೆಯ ಸದ್ದು) ನುಡಿಸಿ, ಪ್ರತಿ ಜೋಡಿಗೂ ಒಂದೊಂದು ಲೆವೆಲ್ ಹೊಂದಿಸಿಟ್ಟರೆ ಯೂನಿಟ್ ಅದನ್ನು ನೆನಪಿಟ್ಟುಕೊಂಡು, ಗುಂಡಿ ಒತ್ತಿದಾಗಲೆಲ್ಲ ಹೆಡ್ ಯೂನಿಟ್ಟಿನಿಂದ ಆಂಪ್ಲಿಫೈಯರಿಗೆ ಹೋಗುವ ದುರ್ಬಲ ಸಿಗ್ನಲ್ಲನ್ನು (ಆರ್‌ಸಿಎ ಸಿಗ್ನಲ್) ಅಷ್ಟಕ್ಕೇ ಇಳಿಸುತ್ತದೆ. ಇದನ್ನು ಮಾಡಿದ ಮೇಲೆ ದುಬಾರಿ ಸೆಟ್ ಕೇಳಲು ಬಂದ ಕೆಲವರು ಅದಕ್ಕಿಂತ ಕಡಿಮೆ ಬೆಲೆಯದನ್ನು ಆರಿಸಿ ತೃಪ್ತಿಯಿಂದ ಹೋಗಿದ್ದಾರೆ. ಗ್ರಾಹಕರ ಹಣಕ್ಕೆ ಅಂಗಡಿಯವರು ತೋರಿಸಬೇಕಾದ ಗೌರವ ಇದೇ ಎಂದು ನಾನು ಬಲವಾಗಿ ನಂಬುತ್ತೇನೆ. ಹೆಡ್ ಯೂನಿಟ್ಟಿನ ಒಳಗಿನ ಆಂಪ್ಲಿಫೈಯರಿನಿಂದಲೇ ಸ್ಪೀಕರ್ ನುಡಿಸುವಾಗ ಈ ಹೊಂದಾಣಿಕೆ ಕೆಲಸ ಮಾಡುವುದಿಲ್ಲ. ಆಗ ವಾಲ್ಯೂಮನ್ನು ಕೈಯಿಂದಲೇ ಸರಿಪಡಿಸಬೇಕಾಗುತ್ತದೆ.

ಬೋರ್ಡಿನ ಮರಗೆಲಸ ಯೂನಿಟ್ಟಿನಷ್ಟೇ ಮುಖ್ಯ. ತೆಳು ಪ್ಲೈವುಡ್ಡಿಗೆ ತೂತು ಕೊರೆದು ಹಿಂಬದಿಯನ್ನು ತೆರೆದೇ ಬಿಟ್ಟರೆ ಸ್ಪೀಕರಿನ ಮುಂದಿನ ಮತ್ತು ಹಿಂದಿನ ಅಲೆಗಳು ಒಂದನ್ನೊಂದು ಅಳಿಸಿ ಬಾಸ್ ಮಾಯವಾಗುತ್ತದೆ. ಆದ್ದರಿಂದ ಪ್ರತಿ ಜೋಡಿಗೂ ಪ್ರತ್ಯೇಕ ಮುಚ್ಚಿದ ಗೂಡು ಮಾಡಿಸಿದ್ದೇವೆ. ಸಬ್‌ವೂಫರ್ ವಿಷಯದಲ್ಲಿ ಯಾವ ಬೋರ್ಡೂ ಪೂರ್ತಿ ನಿಜ ಹೇಳಲಾರದು, ಏಕೆಂದರೆ ಕಾರಿನ ಮುಚ್ಚಿದ ಒಳಾಂಗಣವು ಅತಿ ಕೆಳಗಿನ ಸ್ವರಗಳನ್ನು ತಾನೇ ಎತ್ತಿಕೊಡುತ್ತದೆ. ಇದನ್ನು ಗ್ರಾಹಕರಿಗೆ ಮೊದಲೇ ತಿಳಿಸುತ್ತೇವೆ. ವಿದ್ಯುತ್ತಿಗಾಗಿ 13.8 ವೋಲ್ಟಿನ ಪವರ್ ಸಪ್ಲೈ ಇದೆ. ಪ್ರತಿ ಆಂಪ್ಲಿಫೈಯರಿಗೂ ಬೇರೆ ಫ್ಯೂಸ್ ಹಾಕಿಸಿದ್ದೇವೆ.

ಕಾಲಕ್ರಮದಲ್ಲಿ ಕಂಡ ದೊಡ್ಡ ದೋಷವೆಂದರೆ ಆರ್‌ಸಿಎ ಭಾಗದ ರಿಲೇಗಳಲ್ಲಿ ಬಂದ ಕರಕರ ಸದ್ದು. ಸ್ಪೀಕರ್ ಕಡೆಯ ರಿಲೇಗಳಲ್ಲಿ ಹರಿಯುವ ಹೆಚ್ಚಿನ ಕರೆಂಟು ಸಂಪರ್ಕಗಳ ಮೇಲಿನ ಪೊರೆಯನ್ನು ತಕ್ಕಮಟ್ಟಿಗೆ ಸುಟ್ಟು ಶುದ್ಧವಾಗಿಡುತ್ತದೆ, ಆದರೆ ದುರ್ಬಲ ಸಿಗ್ನಲ್ ಮಾತ್ರ ಹರಿಯುವಲ್ಲಿ ಚಿನ್ನದ ಲೇಪನದ ಸಂಪರ್ಕಗಳೇ ಬೇಕು. ತಯಾರಕರು ಇಲ್ಲಿ ಉಳಿತಾಯ ಮಾಡಿದ್ದಾರೆ. ದೂರು ಕೊಟ್ಟರೂ ಉತ್ತರ ತಡವಾದ್ದರಿಂದ ಊರಿನ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ಕರಿಂದ ಚಿನ್ನದ ಲೇಪನದ ಸೀಲ್ಡ್ ರಿಲೇಗಳನ್ನು ಹಾಕಿಸಿದೆವು. ಆಮೇಲೆ ಸದ್ದು ಮರುಕಳಿಸಿಲ್ಲ. ಕೊಳ್ಳುವವರು ಈ ಒಂದು ವಿವರವನ್ನು ಮಾರಾಟಗಾರರಿಂದ ಬರಹದಲ್ಲಿ ಪಡೆದುಕೊಂಡೇ ಮುಂಗಡ ಕೊಡಬೇಕೆಂದು ನನ್ನ ಸಲಹೆ.