ಹಳೆ ಎಂಜಿಬಿ, ಸ್ಪಿಟ್‌ಫೈರ್ ಬ್ರೇಕ್ ಕೆಲಸ: ಮಾಮೂಲಿ ಗ್ಯಾರೇಜ್, ಸ್ಪೆಷಲಿಸ್ಟ್, ಇಲ್ಲಾ ನಾವೇ?

ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬ್ರೇಕ್ ಬಿಲ್ ಕೈಗೆ ಬಂದಾಗ ಅದನ್ನು ಎರಡು ಭಾಗ ಮಾಡಿ ನೋಡಿ. ಸಾಮಾನಿಗೆ ಹೋದ ದುಡ್ಡು ಕಡಿಮೆ ಇರುತ್ತದೆ, ಲೇಬರ್‌ಗೆ ಹೋದದ್ದೇ ಜಾಸ್ತಿ. ಎಂಜಿಬಿಗೆ ಬೇಕಾದ ಪ್ಯಾಡ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವುದು), ಶೂ (ಡ್ರಮ್ಮನ್ನು ಒಳಗಿಂದ ಒತ್ತುವುದು), ವೀಲ್ ಸಿಲಿಂಡರ್ (ಶೂಗಳನ್ನು ತಳ್ಳುವುದು), ಹೋಸ್ ಎಲ್ಲವೂ ಈಗಲೂ ಹೊಸದಾಗಿ ತಯಾರಾಗುತ್ತಿವೆ. ಕಷ್ಟ ಇರುವುದು ಐವತ್ತು ವರ್ಷದಿಂದ ತುಕ್ಕು ಹಿಡಿದು ಕೂತಿರುವ ನಟ್ ಬಿಚ್ಚುವುದರಲ್ಲಿ. ಹಾಗಾಗಿ ಮೆಕ್ಯಾನಿಕ್ ಗಂಟೆಗೆ ಎಷ್ಟು ಕೇಳುತ್ತಾರೆ ಅಂತ ನೋಡಿ ಗ್ಯಾರೇಜ್ ಆರಿಸಿದರೆ ಲೆಕ್ಕ ತಪ್ಪುತ್ತದೆ, ಅವರಿಗೆ ಎಷ್ಟು ಗಂಟೆ ಹಿಡಿಯುತ್ತದೆ ಅಂತ ಕೇಳಬೇಕು.

ನನ್ನ ಹತ್ತಿರ ಎಂಜಿಬಿ ಇದೆ, ತಮ್ಮನ ಹತ್ತಿರ ಟ್ರಯಂಫ್ ಸ್ಪಿಟ್‌ಫೈರ್. ಎರಡೂ 1962ರಿಂದ 1980ರವರೆಗೆ ತಯಾರಾದ ಮಾದರಿಗಳು. ಎಂಜಿಬಿಯದ್ದು ಲಾಕ್‌ಹೀಡ್ ಕಂಪನಿಯ ಬ್ರೇಕ್, ಮುಂದೆ 10.75 ಇಂಚಿನ ಡಿಸ್ಕ್, ಹಿಂದೆ 10 ಇಂಚಿನ ಡ್ರಮ್. ಸ್ಪಿಟ್‌ಫೈರ್‌ದು ಗರ್ಲಿಂಗ್ ಕಂಪನಿಯದ್ದು, ಮುಂದೆ 9 ಇಂಚಿನ ಡಿಸ್ಕ್, ಹಿಂದೆ 7 ಇಂಚಿನ ಡ್ರಮ್. ಎಬಿಎಸ್ ಇಲ್ಲ, ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಈ ಎರಡು ಕಾರಿನ ಬ್ರೇಕ್ ಕೆಲಸವನ್ನು ಮಾಮೂಲಿ ಗ್ಯಾರೇಜಿನಲ್ಲೂ ಮಾಡಿಸಿದ್ದೇವೆ, ಹಳೆ ಬ್ರಿಟಿಷ್ ಕಾರುಗಳನ್ನೇ ನೋಡುವ ಸ್ಪೆಷಲಿಸ್ಟ್ ಹತ್ತಿರವೂ ಮಾಡಿಸಿದ್ದೇವೆ, ಕೊನೆಗೆ ನಾವೇ ಕೈ ಕೊಳೆ ಮಾಡಿಕೊಂಡೂ ಮಾಡಿದ್ದೇವೆ. ಮೂರೂ ಬೇರೆ ಬೇರೆ ಕೆಲಸಕ್ಕೆ ಸರಿ ಹೋಗುತ್ತವೆ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಕಡೆ ಎಲ್ಲವನ್ನೂ ಕೊಟ್ಟರೆ ದುಡ್ಡು ಪೋಲು.

ಮೊದಲು ಮಾಮೂಲಿ ಗ್ಯಾರೇಜ್. ಮುಂದಿನ ಚಕ್ರದ ಕೆಲಸಕ್ಕೆ ಇವರ ಮೇಲೆ ನನ್ನ ದೂರು ಏನೂ ಇಲ್ಲ. ಡಿಸ್ಕ್ ಬ್ರೇಕ್ ಹಾಕಿಕೊಂಡು ಜಾಗ್ವಾರ್ ಸಿ-ಟೈಪ್ ಲೆ ಮಾನ್ ರೇಸ್ ಗೆದ್ದದ್ದು 1953ರಲ್ಲಿ. 1956ರಲ್ಲಿ ಟ್ರಯಂಫ್ ಟಿಆರ್3ರ ಮುಂದಿನ ಚಕ್ರಕ್ಕೆ ಡಿಸ್ಕ್ ಬಂತು. ಅವತ್ತಿನಿಂದ ಇವತ್ತಿನವರೆಗೆ ಅದರ ಮೂಲ ಏರ್ಪಾಡು ಅಷ್ಟೇನೂ ಬದಲಾಗಿಲ್ಲ, ಹೊಸ ಕಾರು ನೋಡಿದ ಹುಡುಗನಿಗೂ ಅರ್ಥವಾಗುತ್ತದೆ. ಎಂಜಿಬಿಯಲ್ಲಿ ಪ್ಯಾಡನ್ನು ಹಿಡಿದಿಡುವುದು ಎರಡು ಸ್ಪ್ಲಿಟ್ ಪಿನ್ ಅಷ್ಟೇ. ಅವನ್ನು ಎಳೆದರೆ ಪ್ಯಾಡ್ ಈಚೆ ಬರುತ್ತದೆ. ಲಿಫ್ಟ್ ಇದೆ, ಬೆಳಕಿದೆ, ದರ ಕಡಿಮೆ, ಸಂಜೆಗೆ ಕಾರು ವಾಪಸ್.

ಹಿಂದಿನ ಡ್ರಮ್ ಬಿಚ್ಚಿದ ಮೇಲೆ ಕಥೆ ಬೇರೆ. ಈ ಕಾರುಗಳ ನಟ್‌ಗಳು ಇಂಚಿನ ಅಳತೆಯವು. ಬ್ರೇಕ್ ಪೈಪಿನ ಯೂನಿಯನ್‌ಗೆ (ಪೈಪನ್ನು ಜೋಡಿಸುವ ನಟ್) 7/16 ಇಂಚಿನ ಸ್ಪ್ಯಾನರ್ ಬೇಕು, ಅಂದರೆ 11.1 ಮಿಲಿಮೀಟರ್. ಗ್ಯಾರೇಜಿನಲ್ಲಿ ಇದ್ದದ್ದು ಮೆಟ್ರಿಕ್ ಸ್ಪ್ಯಾನರ್ ಮಾತ್ರ. 11 ಕೂರಲಿಲ್ಲ, 12 ಹಾಕಿದರು, ನಟ್‌ನ ಮೂಲೆಗಳು ಸವೆದು ದುಂಡಗಾದವು, ಆಮೇಲೆ ಇಕ್ಕಳ ಹಿಡಿದು ತಿರುಗಿಸಿದಾಗ ನಟ್ ಜೊತೆ ಪೈಪೂ ತಿರುಚಿಕೊಂಡಿತು. ಚೆನ್ನಾಗಿದ್ದ ಪೈಪ್ ಕತ್ತರಿಸಿ ಹೊಸದು ಮಾಡಬೇಕಾಯಿತು, ಅದಕ್ಕೆ ಹಿಡಿದ ಹೊತ್ತೂ ನಮ್ಮ ಬಿಲ್ಲಿಗೇ ಬಂತು. ಜೊತೆಗೆ ಎಂಜಿಬಿಯ ಹಿಂದಿನ ವೀಲ್ ಸಿಲಿಂಡರನ್ನು ಹಿಡಿದಿಡುವ ಒಂದು ಸಣ್ಣ ಕ್ಲಿಪ್ ಇದೆ, ಎಂಜಿಬಿ ಇರುವವರಿಗೆಲ್ಲ ಇದರ ಪರಿಚಯ ಇರುತ್ತದೆ. ಅದನ್ನು ಕೂರಿಸುವುದಕ್ಕೆ ಅಂತಲೇ ಒಂದು ಟೂಲ್ ಸಿಗುತ್ತದೆ. ಟೂಲ್ ಇಲ್ಲದೆ ಎರಡು ಸ್ಕ್ರೂಡ್ರೈವರ್ ಹಿಡಿದು ಒದ್ದಾಡಿದರೆ ಕ್ಲಿಪ್ ಹಾರಿ ಹೋಗುತ್ತದೆ, ಅದನ್ನು ಹುಡುಕಿ ಮತ್ತೆ ಶುರು ಮಾಡಬೇಕು. ಅದೂ ಗಂಟೆ ಲೆಕ್ಕವೇ.

ಸ್ಪಿಟ್‌ಫೈರ್‌ನಲ್ಲಿ ಇನ್ನೊಂದು. ತಮ್ಮನ ಕಾರಿನಲ್ಲಿ ಮುಂದಿನ ಬ್ರೇಕಿಗೆ ಒಂದು ಸರ್ಕ್ಯೂಟ್ (ಬ್ರೇಕ್ ಆಯಿಲ್ ಹೋಗುವ ಪೈಪಿನ ಸಾಲು), ಹಿಂದಿನದಕ್ಕೆ ಇನ್ನೊಂದು. ನಡುವೆ ಒಂದು ವಾಲ್ವ್ ಇರುತ್ತದೆ. ಒಂದು ಕಡೆ ಪ್ರೆಷರ್ ಕಡಿಮೆಯಾದರೆ ಅದರೊಳಗಿನ ಸಣ್ಣ ಪಿಸ್ಟನ್ ಜರುಗಿ ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಹತ್ತಿಸುತ್ತದೆ. ಬ್ರೇಕ್ ಆಯಿಲಿನಲ್ಲಿ ಸೇರಿದ ಏರ್ ತೆಗೆಯುವಾಗ ಕೂಡ ಆ ಪಿಸ್ಟನ್ ಒಂದು ಬದಿಗೆ ಸರಿದುಬಿಡಬಹುದು, ಆಗ ಕೆಲಸ ಮುಗಿದ ಮೇಲೂ ಲೈಟ್ ಉರಿಯುತ್ತಲೇ ಇರುತ್ತದೆ. ಅದನ್ನು ಮತ್ತೆ ನಡುವಿಗೆ ತಂದರೆ ಆಯಿತು. ಗ್ಯಾರೇಜಿನವರಿಗೆ ಇದು ಗೊತ್ತಿರಲಿಲ್ಲ. ಎಲ್ಲೋ ಲೀಕ್ ಇದೆ ಅಂದುಕೊಂಡು ಅರ್ಧ ದಿನ ಹುಡುಕಿದರು. ಅವರು ಕೆಟ್ಟವರೇನಲ್ಲ, ಶ್ರದ್ಧೆಯಿಂದಲೇ ಹುಡುಕಿದರು, ಆದರೆ ಆ ಅರ್ಧ ದಿನಕ್ಕೆ ದುಡ್ಡು ಕೊಟ್ಟವನು ತಮ್ಮ.

ಸ್ಪೆಷಲಿಸ್ಟ್ ವಿಷಯಕ್ಕೆ ಬರೋಣ. ಗಂಟೆಯ ದರ ಜಾಸ್ತಿ, ಅದರಲ್ಲಿ ಅನುಮಾನವೇ ಬೇಡ. ಸರದಿಗೆ ವಾರಗಟ್ಟಲೆ ಕಾಯಬೇಕು, ಅದೂ ನಿಜ. ಆದರೂ ಒಂದು ಕೆಲಸಕ್ಕೆ ಇವರಿಗೆ ಸಮ ಯಾರೂ ಇಲ್ಲ. ತೊಂದರೆ ಎಲ್ಲಿದೆ ಅಂತ ಪತ್ತೆ ಮಾಡುವುದು.

ನನ್ನ ಎಂಜಿಬಿಯಲ್ಲಿ ಬ್ರೇಕ್ ಆಯಿಲ್ ಕಡಿಮೆ ಆಗುತ್ತಲೇ ಇತ್ತು, ಯಾವ ಚಕ್ರದ ಹತ್ತಿರವೂ ಒದ್ದೆ ಇಲ್ಲ, ನೆಲದ ಮೇಲೆ ಒಂದು ಹನಿ ಇಲ್ಲ. ಮಾಮೂಲಿ ಗ್ಯಾರೇಜ್ ಅನುಮಾನದ ಮೇಲೆ ಹಿಂದಿನ ಎರಡೂ ವೀಲ್ ಸಿಲಿಂಡರ್ ಬದಲಾಯಿಸಿತು. ಆಯಿಲ್ ಇಳಿಯುವುದು ನಿಲ್ಲಲಿಲ್ಲ. ಸ್ಪೆಷಲಿಸ್ಟ್ ಕಾರು ಒಳಗೆ ಬರುವ ಮೊದಲೇ ಒಂದು ಪ್ರಶ್ನೆ ಕೇಳಿದರು: ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಾ? ಬರುತ್ತಿತ್ತು. ಸರ್ವೋದಿಂದ (ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಸಾಧನ) ಇಂಜಿನ್ ಮ್ಯಾನಿಫೋಲ್ಡಿಗೆ (ಇಂಜಿನ್ ಒಳಗೆ ಗಾಳಿ ಹೋಗುವ ದಾರಿ) ಹೋಗುವ ವ್ಯಾಕ್ಯೂಮ್ ಹೋಸ್ ತೆಗೆದು ತೋರಿಸಿದರು, ಒಳಗೆಲ್ಲ ಬ್ರೇಕ್ ಆಯಿಲ್. ಸರ್ವೋದ ಸೀಲ್ ಹೋಗಿತ್ತು, ಇಂಜಿನ್ ಆ ಬ್ರೇಕ್ ಆಯಿಲನ್ನು ಎಳೆದುಕೊಂಡು ಸುಡುತ್ತಿತ್ತು. ನೋಡಿ ಹೇಳುವುದಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ. ಬೇಡದ ಸಿಲಿಂಡರ್ ಬದಲಾಯಿಸಿದ ಲೇಬರ್ ಮುಂದೆ ಆ ಕಾಲು ಗಂಟೆಯ ದರ ಯಾವ ಲೆಕ್ಕ?

ಬ್ರೇಕ್ ಒತ್ತಿ ಬಿಟ್ಟ ಮೇಲೂ ಒಂದು ಚಕ್ರ ಹಿಡಿದುಕೊಂಡೇ ಇರುವುದೂ ಅಂಥದ್ದೇ ತೊಂದರೆ. ಎಲ್ಲರೂ ಮೊದಲು ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್ ಮೇಲೆ ಒತ್ತುವ ಭಾಗ) ಮೇಲೆ ಅನುಮಾನಪಡುತ್ತಾರೆ. ಎಷ್ಟೋ ಸಲ ಹಳೆ ರಬ್ಬರ್ ಹೋಸ್ ಒಳಗಡೆ ಊದಿಕೊಂಡಿರುತ್ತದೆ. ಕಾಲಿನ ಒತ್ತಡಕ್ಕೆ ಆಯಿಲ್ ಹೋಗುತ್ತದೆ, ವಾಪಸ್ ಬರುವುದಕ್ಕೆ ದಾರಿ ಇಲ್ಲ. ಹೊರಗಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಕಾಣುತ್ತದೆ. ಅದರ ವಯಸ್ಸು ಗೊತ್ತಿಲ್ಲದಿದ್ದರೆ ಕ್ಯಾಲಿಪರ್ ಮುಟ್ಟುವ ಮೊದಲು ಹೋಸ್ ಬದಲಾಯಿಸಿ.

ಸ್ಪೆಷಲಿಸ್ಟ್ ಹತ್ತಿರ ಒಂದು ಎಚ್ಚರಿಕೆ ಬೇಕು. "ಹೇಗೂ ಬಿಚ್ಚಿದ್ದೇವೆ, ಇದನ್ನೂ ಮಾಡಿಬಿಡೋಣ" ಅಂತ ಪಟ್ಟಿ ಉದ್ದವಾಗುತ್ತದೆ. ಅದರಲ್ಲಿ ಅರ್ಧ ನಿಜವಾಗಿಯೂ ಬೇಕಾದದ್ದೇ ಇರುತ್ತದೆ. ಯಾವುದು ಈಗಲೇ, ಯಾವುದು ಮುಂದಿನ ವರ್ಷ ಅಂತ ಬೇರೆ ಮಾಡಿ ಬರೆದುಕೊಡಿ ಅಂತ ಕೇಳಿ. ಒಳ್ಳೆಯವರು ಬೇಜಾರಿಲ್ಲದೆ ಬರೆದುಕೊಡುತ್ತಾರೆ.

ಇನ್ನು ಸ್ವಂತ ಕೆಲಸ. ನಾನು ಇದರ ಪರವಾಗಿದ್ದೇನೆ, ಮುಚ್ಚಿಡುವುದೇನಿಲ್ಲ. ಹಿಂದಿನ ಬ್ರೇಕ್ ಅಡ್ಜಸ್ಟ್ ಮಾಡುವುದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಬ್ಯಾಕ್‌ಪ್ಲೇಟಿನಲ್ಲಿ (ಡ್ರಮ್ ಹಿಂದಿನ ತಗಡು) ಚೌಕ ತಲೆಯ ಅಡ್ಜಸ್ಟರ್ ಇರುತ್ತದೆ. ಚಕ್ರ ತಿರುಗದ ಹಾಗೆ ಬಿಗಿ ಮಾಡಿ, ಆಮೇಲೆ ಸಲೀಸಾಗಿ ತಿರುಗುವವರೆಗೆ ಹಿಂದಕ್ಕೆ ಬಿಡಿ, ಅಷ್ಟೇ. ಪೆಡಲ್ ತುಂಬ ಕೆಳಗೆ ಹೋಗುತ್ತದೆ ಅನ್ನುವ ದೂರು ಎಷ್ಟೋ ಸಲ ಇಷ್ಟಕ್ಕೇ ಸರಿಯಾಗುತ್ತದೆ. ಇದಕ್ಕೆ ಚೌಕ ಬಾಯಿಯ ಬ್ರೇಕ್ ಸ್ಪ್ಯಾನರೇ ಬೇಕು, ಸುಮ್ನೆ ಮಾಮೂಲಿ ಸ್ಪ್ಯಾನರ್ ಹಾಕಿ ತಲೆ ಸವೆಸಬೇಡಿ. ಪ್ಯಾಡ್, ಶೂ, ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ಗ್ರೀಸ್, ಇವೆಲ್ಲ ಮನೆಯಲ್ಲೇ ಆಗುವ ಕೆಲಸ. ಸ್ಪಿಟ್‌ಫೈರ್ ಇರುವವರು ಹಿಂದಿನ ವೀಲ್ ಸಿಲಿಂಡರ್ ಬ್ಯಾಕ್‌ಪ್ಲೇಟಿನ ಮೇಲೆ ಆಚೀಚೆ ಜಾರುತ್ತಾ ಅಂತ ನೋಡಲೇಬೇಕು. ಅದು ಜಾರುವ ಹಾಗೇ ಮಾಡಿರುವ ಸಿಲಿಂಡರ್. ತುಕ್ಕು ಹಿಡಿದು ನಿಂತರೆ ಎಷ್ಟು ಹೊಸ ಶೂ ಹಾಕಿದರೂ ಒಂದೇ ಶೂ ಕೆಲಸ ಮಾಡುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಗಟ್ಟಿ ಆಕ್ಸಲ್ ಸ್ಟ್ಯಾಂಡ್, ಇಂಚಿನ ಸ್ಪ್ಯಾನರ್ ಸೆಟ್, ಪೈಪ್ ನಟ್‌ಗೆ ಸುತ್ತಲೂ ಹಿಡಿಯುವ ಫ್ಲೇರ್ ಸ್ಪ್ಯಾನರ್. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ತುಕ್ಕಿನ ನಟ್‌ಗೆ ಹಿಂದಿನ ದಿನವೇ ಪೆನೆಟ್ರೇಟಿಂಗ್ ಆಯಿಲ್ ಹಾಕಿಡಿ, ನಮ್ಮ ಹೊತ್ತಿಗೆ ಬಿಲ್ ಇಲ್ಲವಲ್ಲ, ಅದೇ ಇಲ್ಲಿನ ದೊಡ್ಡ ಲಾಭ. ಇನ್ನೊಂದು ಮಾತು ದಯವಿಟ್ಟು ಗಂಭೀರವಾಗಿ ತಗೊಳ್ಳಿ: ಹಳೆ ಶೂ, ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ಒಳಗಿನ ಧೂಳನ್ನು ಏರ್ ಹೊಡೆದು ಊದಬೇಡಿ, ಒಣ ಬ್ರಷ್ ಹಾಕಬೇಡಿ. ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ, ಒರೆಸಿದ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಕಿ.

ಏರ್ ತೆಗೆಯುವಾಗ ಪೆಡಲನ್ನು ಪೂರ್ತಿ ತಳಕ್ಕೆ ಒತ್ತಬಾರದು. ಹಳೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವುದು) ಒಳಗೆ ಸೀಲ್ ದಿನಾ ಓಡಾಡುವ ಜಾಗ ನುಣ್ಣಗಿರುತ್ತದೆ, ಅದರಾಚೆ ತುಕ್ಕು ಇರುತ್ತದೆ. ತಳದವರೆಗೆ ಒತ್ತಿದರೆ ಸೀಲ್ ಆ ತುಕ್ಕಿನ ಮೇಲೆ ಹೋಗಿ ಹರಿಯುತ್ತದೆ. ಸ್ಟೆಪ್ನಿ ಟೈರಿನ ಗಾಳಿಯಲ್ಲಿ ಕೆಲಸ ಮಾಡುವ ಬ್ಲೀಡಿಂಗ್ ಕಿಟ್ ಸಿಗುತ್ತದೆ. ಟೈರಿನ ಗಾಳಿಯನ್ನು ಕಿಟ್‌ನಲ್ಲಿ ಹೇಳಿದಷ್ಟಕ್ಕೆ ಇಳಿಸಿಕೊಂಡು ಬಳಸಿದರೆ ಪೆಡಲ್ ಒತ್ತುವುದಕ್ಕೆ ಇನ್ನೊಬ್ಬರನ್ನು ಕೂರಿಸುವ ತಾಪತ್ರಯವೂ ಇಲ್ಲ.

ಸಾಮಾನಿನಲ್ಲೂ ಆಯ್ಕೆ ಇದೆ, ಅಲ್ಲೂ ಬೇರೆ ಬೇರೆ ಹಾಕಿ ನೋಡಿದ್ದೇವೆ. ಸೀಲ್ ಕಿಟ್ ಎಲ್ಲಕ್ಕಿಂತ ಅಗ್ಗ. ಸಿಲಿಂಡರ್ ಒಳಗೆ ಗುಳಿ ಬಿದ್ದಿಲ್ಲದಿದ್ದರೆ ಮಾತ್ರ ಅದು ಸರಿ. ಗುಳಿ ಇದ್ದರೆ ಹೊಸ ಸೀಲ್ ಕೂಡ ಬೇಗ ಹರಿದು ಅದೇ ಕೆಲಸ ಮತ್ತೆ ಬರುತ್ತದೆ, ಬಿಚ್ಚುವ ಕೂಲಿ ಎರಡು ಸಲ. ಎರಡನೆಯದು ಹೊಸ ಸಿಲಿಂಡರ್. ವೀಲ್ ಸಿಲಿಂಡರಿಗೆ ನಾನು ಇದನ್ನೇ ಹೇಳುತ್ತೇನೆ, ಅದಕ್ಕೆ ಸೀಲ್ ಹಾಕುತ್ತ ಕೂರುವುದರಲ್ಲಿ ಅರ್ಥವಿಲ್ಲ. ಮೂರನೆಯದು ಹಳೆ ಸಿಲಿಂಡರನ್ನೇ ಕೊರೆದು ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಇಲ್ಲವೇ ಹಿತ್ತಾಳೆಯ ಸ್ಲೀವ್ ಕೂರಿಸಿ ಮೂಲ ಅಳತೆಗೆ ತರುವುದು. ದುಬಾರಿ, ಆದರೆ ತುಕ್ಕಿನ ಚಿಂತೆ ಇಲ್ಲ, ಕಾರಿನ ಜೊತೆ ಬಂದ ಮೂಲ ಸಾಮಾನೂ ಉಳಿಯುತ್ತದೆ. ಮಾಸ್ಟರ್ ಸಿಲಿಂಡರಿಗೆ ನನ್ನ ಓಟು ಇದಕ್ಕೆ. ಕ್ಯಾಲಿಪರಿಗೆ ಸ್ಟೇನ್‌ಲೆಸ್ ಪಿಸ್ಟನ್ ಹಾಕಿಸಿ. ಹಳೆಯ ಕ್ರೋಮ್ ಪಿಸ್ಟನ್‌ಗೆ ಕ್ರೋಮ್ ಎದ್ದ ಜಾಗದಿಂದಲೇ ತುಕ್ಕು ಶುರುವಾಗುತ್ತದೆ. ಪೈಪಿಗೆ ತಾಮ್ರ-ನಿಕಲ್ ಮಿಶ್ರಲೋಹ, ಬಾಗಿಸುವುದು ಸುಲಭ, ತುಕ್ಕು ಹಿಡಿಯುವುದಿಲ್ಲ.

ಬ್ರೇಕ್ ಆಯಿಲ್ ಬಗ್ಗೆ ಜಗಳ ಜಾಸ್ತಿ. ನನ್ನ ಎಂಜಿಬಿಯಲ್ಲಿ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ), ತಮ್ಮನ ಕಾರಿನಲ್ಲಿ ಸಿಲಿಕೋನ್, ಅಂದರೆ ಡಾಟ್ 5. ಡಾಟ್ 4 ಗಾಳಿಯಲ್ಲಿನ ನೀರನ್ನು ಹೀರುತ್ತದೆ. ಹೊಸದಾಗಿದ್ದಾಗ ಅದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಅನ್ನುವುದು ನಿಯಮ, ನೀರು ಸೇರಿದ ಮೇಲೆ ಅದೇ ನಿಯಮದಲ್ಲಿ 155. ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ಸಿಲಿಕೋನ್ ಆದರೆ ಪೇಂಟನ್ನು ಕೆಡಿಸುವುದಿಲ್ಲ, ನೀರು ಹೀರುವುದಿಲ್ಲ, ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಅನುಕೂಲ. ಆದರೆ ಗುಳ್ಳೆಗಳು ಅದರಿಂದ ಬೇಗ ಈಚೆ ಬರುವುದಿಲ್ಲ, ಏರ್ ತೆಗೆಯುವುದಕ್ಕೆ ತುಂಬ ತಾಳ್ಮೆ ಬೇಕು, ಪೆಡಲ್ ಕೂಡ ಸ್ವಲ್ಪ ಮೆತ್ತಗೆ ಅನಿಸುತ್ತದೆ. ಎರಡನ್ನೂ ಬೆರೆಸುವ ಹಾಗಿಲ್ಲ, ಬದಲಾಯಿಸುವುದಾದರೆ ಎಲ್ಲ ಸೀಲ್ ಹೊಸದಾಗಿ ಹಾಕಿ ಪೈಪೆಲ್ಲ ತೊಳೆಯಬೇಕು. ಆಗಾಗ ಓಡಿಸುವವರಿಗೆ ಡಾಟ್ 4 ಸಾಕು. ಆ ಗಟ್ಟಿ ಪೆಡಲ್ ನನಗೆ ಇಷ್ಟ.

ಈಗ ನಾವು ಕೆಲಸ ಹಂಚುವುದು ಹೀಗೆ. ಬಿಚ್ಚುವುದು, ತೊಳೆಯುವುದು, ಶೂ, ಪ್ಯಾಡ್, ಅಡ್ಜಸ್ಟ್‌ಮೆಂಟ್ ನಮ್ಮದು. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್, ಸರ್ವೋ ಬಿಚ್ಚಿ ರಿಪೇರಿಗೆ ಕಳಿಸುತ್ತೇವೆ, ಅವರಿಗೆ ಕಾರೇ ಬೇಕಾಗಿಲ್ಲ, ಹಾಗಾಗಿ ಆ ಲೇಬರ್ ಉಳಿಯುತ್ತದೆ. ಎಲ್ಲ ಕೂರಿಸಿದ ಮೇಲೆ ಸ್ಪೆಷಲಿಸ್ಟ್ ಹತ್ತಿರ ಒಂದು ಗಂಟೆಯ ತಪಾಸಣೆ. ಆ ಕೊನೆಯದನ್ನು ಬಿಡಬೇಡಿ, ಅದರಲ್ಲೂ ಹಳೆಯ ಸಿಂಗಲ್ ಸರ್ಕ್ಯೂಟ್ ಕಾರಾದರೆ. ಅದರಲ್ಲಿ ಒಂದು ಹೋಸ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಅಲ್ಲಿ ಒಂದು ಗಂಟೆಯ ದುಡ್ಡು ಉಳಿಸುವುದು ನನ್ನ ಕೈಲಾಗದು.

ಜಾಗ್ವಾರ್ ಇ-ಟೈಪ್ ಇಟ್ಟುಕೊಂಡವರಿಗೆ ಈ ಹಂಚಿಕೆ ಹೊಂದುವುದಿಲ್ಲ. ಅದರ ಹಿಂದಿನ ಡಿಸ್ಕ್‌ಗಳು ಚಕ್ರದ ಹತ್ತಿರ ಇರದೆ ಒಳಗಡೆ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳ ನಡುವಿನ ಗೇರ್ ಡಬ್ಬಿ) ಪಕ್ಕದಲ್ಲಿರುತ್ತವೆ. ಡಿಸ್ಕ್ ಬದಲಾಯಿಸಬೇಕಾದರೆ ಸಾಮಾನ್ಯವಾಗಿ ಹಿಂದಿನ ಸಸ್ಪೆನ್ಷನ್ ಗೂಡನ್ನೇ ಕೆಳಗಿಳಿಸಬೇಕಾಗುತ್ತದೆ. ಅದನ್ನು ನೇರ ಸ್ಪೆಷಲಿಸ್ಟ್‌ಗೇ ಕೊಡಿ. ಗೂಡು ಕೆಳಗಿದ್ದಾಗಲೇ ಕ್ಯಾಲಿಪರ್, ಹೋಸ್, ಹ್ಯಾಂಡ್‌ಬ್ರೇಕ್, ಡಿಫರೆನ್ಷಿಯಲ್‌ನ ಪಕ್ಕದ ಆಯಿಲ್ ಸೀಲ್ ಎಲ್ಲ ಒಟ್ಟಿಗೆ ಮಾಡಿಸಿಬಿಡಿ, ಆ ಸೀಲ್ ಸೋರಿದರೆ ಆಯಿಲ್ ಹೊಸ ಡಿಸ್ಕ್ ಮೇಲೇ ಬೀಳುತ್ತದೆ. ಈ ಕಾರಿನಲ್ಲಿ ಮಾತ್ರ "ಹೇಗೂ ಬಿಚ್ಚಿದ್ದೇವೆ, ಇದನ್ನೂ ಮಾಡಿಬಿಡೋಣ" ಅಂದರೆ ಒಪ್ಪಿಕೊಳ್ಳಿ.