ಬ್ಯಾಕಪ್ ಟೇಪ್‌ಗಳ ಮರುಬಳಕೆ: ‘ರೀಯೂಸ್ ಡಿಲೇ’ ಸೊನ್ನೆ ಇರುವ ಸರ್ವರ್ ನಡೆಸುವವರಿಗೆ ಒಂದು ಎಚ್ಚರಿಕೆ

ಟೇಪ್ ಲೈಬ್ರರಿ (ಟೇಪ್‌ಗಳನ್ನು ತಾನೇ ಡ್ರೈವಿಗೆ ಏರಿಸಿ ಇಳಿಸುವ ಯಂತ್ರ) ಇರುವ ಕೇಂದ್ರೀಕೃತ ಬ್ಯಾಕಪ್ ವ್ಯವಸ್ಥೆಯನ್ನು ನೋಡಿಕೊಳ್ಳುವವರು ದಯವಿಟ್ಟು ಇಂದೇ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಬ್ಯಾಕಪ್ ಸರ್ವರಿನ ಸ್ವಂತ ಡೇಟಾಬೇಸಿನ ಪ್ರತಿಗಳನ್ನು ಎಷ್ಟು ದಿನ ಉಳಿಸಿಕೊಳ್ಳುತ್ತೀರಿ ಎಂಬುದು ಒಂದು. ಖಾಲಿಯಾದ ಟೇಪ್ ಮತ್ತೆ ಬಳಕೆಗೆ ಬರುವ ಮುನ್ನ ಎಷ್ಟು ದಿನ ಕಾಯುತ್ತದೆ ಎಂಬುದು ಇನ್ನೊಂದು; ಇದೇ ‘ರೀಯೂಸ್ ಡಿಲೇ’. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯಿದ್ದರೆ, ನೀವು ಜೋಪಾನವಾಗಿ ಎತ್ತಿಟ್ಟಿರುವ ಹಳೆಯ ಡೇಟಾಬೇಸ್ ಪ್ರತಿಗಳನ್ನು ಆಪತ್ತಿನ ದಿನ ನಂಬುವಂತಿಲ್ಲ. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಇದೇ ಕಾರಣಕ್ಕೆ ಒಂದು ವಿಭಾಗದ ಹಳೆಯ ಕಡತಗಳು ಶಾಶ್ವತವಾಗಿ ಹೋದವು.

ಅಲ್ಲಿದ್ದದ್ದು ಐಬಿಎಂನ ಟಿವೋಲಿ ಸ್ಟೋರೇಜ್ ಮ್ಯಾನೇಜರ್, ಅಂದರೆ 2015ರಲ್ಲಿ ಸ್ಪೆಕ್ಟ್ರಮ್ ಪ್ರೊಟೆಕ್ಟ್ ಎಂದು ಹೆಸರು ಬದಲಾದ ತಂತ್ರಾಂಶ. ಅದು ಮೊದಲ ಸಲ ಎಲ್ಲ ಕಡತಗಳನ್ನೂ ತೆಗೆದುಕೊಂಡು, ಆಮೇಲೆ ಬದಲಾದವುಗಳನ್ನು ಮಾತ್ರ ಸೇರಿಸುತ್ತ ಹೋಗುತ್ತದೆ. ಹೀಗಾಗಿ ಒಂದೇ ಟೇಪಿನಲ್ಲಿ ವರ್ಷಗಳಿಂದ ಬದಲಾಗದ ಕಡತವೂ ಉಳಿಸಿಕೊಳ್ಳುವ ಅವಧಿ ಮುಗಿದ ಕಡತವೂ ಒಟ್ಟಿಗೆ ಇರುತ್ತವೆ. ಅವಧಿ ಮುಗಿದವುಗಳ ಪಾಲು ಒಂದು ಮಿತಿಯನ್ನು ದಾಟಿದಾಗ ‘ರಿಕ್ಲಮೇಶನ್’ ನಡೆದು, ಇನ್ನೂ ಬೇಕಾದ ಕಡತಗಳು ಬೇರೆ ಟೇಪಿಗೆ ಸಾಗುತ್ತವೆ, ಹಳೆಯ ಟೇಪ್ ‘ಸ್ಕ್ರ್ಯಾಚ್’ ಗುಂಪಿಗೆ, ಅಂದರೆ ಮತ್ತೆ ಬರೆಯಲು ಸಿದ್ಧವಿರುವ ಖಾಲಿ ಟೇಪ್‌ಗಳ ಗುಂಪಿಗೆ, ಮರಳುತ್ತದೆ. ಯಾವ ಕಡತ ಯಾವ ಟೇಪಿನಲ್ಲಿದೆ ಎಂಬ ಲೆಕ್ಕವೆಲ್ಲ ಇರುವುದು ಡೇಟಾಬೇಸಿನಲ್ಲಿ. ಅದನ್ನು ಬಿಟ್ಟರೆ ಕಪಾಟಿನ ತುಂಬ ಇರುವ ಟೇಪ್‌ಗಳಿಂದ ಒಂದು ಕಡತವನ್ನೂ ಹೆಸರು ಹಿಡಿದು ತೆಗೆಯಲಾಗುವುದಿಲ್ಲ.

ಸ್ಕ್ರ್ಯಾಚ್ ಆಗುವ ಮುನ್ನ ಟೇಪ್ ಕೆಲವು ದಿನ ‘ಪೆಂಡಿಂಗ್’ ಸ್ಥಿತಿಯಲ್ಲಿ ಕಾಯುವಂತೆ ಮಾಡುವುದೇ ರೀಯೂಸ್ ಡಿಲೇ. ನಾವಾಗಿ ಬದಲಿಸದ ಹೊರತು ಅದು ಸೊನ್ನೆ ದಿನ. ಹೊಸ ಟೇಪ್ ಕೊಳ್ಳಲು ಹಣ ಮಂಜೂರಾಗದ ಕಡೆಗಳಲ್ಲಿ ಅದನ್ನು ಸೊನ್ನೆಯಲ್ಲೇ ಬಿಡುತ್ತಾರೆ, ಏಕೆಂದರೆ ಪೆಂಡಿಂಗ್ ಟೇಪ್‌ಗಳು ವರದಿಯಲ್ಲಿ ಕೆಲಸವಿಲ್ಲದೆ ಬಿದ್ದಿರುವಂತೆ ಕಾಣುತ್ತವೆ. ನಮ್ಮ ಸಂಸ್ಥೆಯಲ್ಲೂ ವ್ಯವಸ್ಥೆಯನ್ನು ಸ್ಥಾಪಿಸಿಕೊಟ್ಟ ಗುತ್ತಿಗೆದಾರರು ಹಾಗೆಯೇ ಬಿಟ್ಟುಹೋಗಿದ್ದರು.

ಒಂದು ದಿನ ಸರ್ವರಿನ ಡಿಸ್ಕ್ ಅರೇ (ಒಟ್ಟಾಗಿ ಜೋಡಿಸಿದ ಡಿಸ್ಕ್‌ಗಳ ಗುಂಪು) ಕೆಟ್ಟು ಡೇಟಾಬೇಸ್ ಹಾಳಾಯಿತು. ಇತ್ತೀಚಿನ ಡೇಟಾಬೇಸ್ ಪ್ರತಿ ಇದ್ದ ಟೇಪನ್ನು ಡ್ರೈವ್ ಓದಲಿಲ್ಲ. ಆ ಟೇಪಿನ ಬಾರ್‌ಕೋಡನ್ನು ಹಳೆಯ ಚಟುವಟಿಕೆ ದಾಖಲೆಯಲ್ಲಿ ಹುಡುಕಿದಾಗ, ಅದು ಹಿಂದೆಯೂ ಬರೆಯುವಾಗ ದೋಷಗಳನ್ನು ತೋರಿಸಿದ್ದ ಟೇಪ್ ಎಂದು ತಿಳಿಯಿತು. ಇದನ್ನು ಬಹಳ ಜನ ಗಮನಿಸುವುದಿಲ್ಲ: ಸ್ಕ್ರ್ಯಾಚ್ ಗುಂಪಿನಿಂದ ಬಂದ ಟೇಪ್ ಖಾಲಿಯಾಗಿ ಅಲ್ಲಿಗೇ ಮರಳಿದರೆ, ಸ್ಟೋರೇಜ್ ಪೂಲಿನಿಂದ (ಬ್ಯಾಕಪ್ ಇಡಲು ಬಳಕೆಯಲ್ಲಿರುವ ಟೇಪ್‌ಗಳ ಗುಂಪು) ಅದರ ನಮೂದು ಅಳಿದುಹೋಗುತ್ತದೆ, ಜೊತೆಗೆ ಅದರ ದೋಷಗಳ ಎಣಿಕೆಯೂ ಹೋಗುತ್ತದೆ. ಮುಂದಿನ ಸಲ ಅದು ಹೊಚ್ಚ ಹೊಸ ಟೇಪಿನಂತೆ ಡ್ರೈವಿಗೆ ಏರುತ್ತದೆ. ಡೇಟಾಬೇಸ್ ಪ್ರತಿಗೆ ಬೇಕಾದ ಟೇಪ್ ಕೂಡ ಅದೇ ಗುಂಪಿನಿಂದಲೇ ಬರುತ್ತದೆ.

ಹೀಗಾಗಿ ಕೆಲವು ದಿನ ಹಿಂದಿನ ಪ್ರತಿಯನ್ನು ತರಬೇಕಾಯಿತು. ಸರ್ವರ್ ಯಾವ ತಕರಾರೂ ಇಲ್ಲದೆ ಎದ್ದಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಆ ಡೇಟಾಬೇಸಿಗೆ ನಡುವಿನ ದಿನಗಳಲ್ಲಿ ನಡೆದ ರಿಕ್ಲಮೇಶನ್ ಗೊತ್ತೇ ಇರಲಿಲ್ಲ. ಕಡತಗಳು ಹಳೆಯ ಟೇಪಿನಲ್ಲಿವೆ ಎಂದು ಅದು ಹೇಳುತ್ತಿತ್ತು. ಆ ಟೇಪಿನ ಮೇಲೆ ಅಷ್ಟರಲ್ಲಿ ಬೇರೆಯದನ್ನು ಬರೆದಾಗಿತ್ತು. ಅದಕ್ಕಿಂತ ಘೋರವಾದದ್ದು ಇದರ ಇನ್ನೊಂದು ಮುಖ. ಕಡತಗಳು ನಿಜವಾಗಿ ಸೇರಿದ್ದ ಟೇಪ್‌ಗಳು ಆ ಹಳೆಯ ಲೆಕ್ಕದಲ್ಲಿ ಇನ್ನೂ ಸ್ಕ್ರ್ಯಾಚ್ ಆಗಿಯೇ ಇದ್ದವು. ರಾತ್ರಿಯ ಬ್ಯಾಕಪ್ ವೇಳಾಪಟ್ಟಿಯನ್ನು ಯಾರೂ ತಡೆಹಿಡಿದಿರಲಿಲ್ಲವಾದ್ದರಿಂದ ಅದು ತನ್ನ ಹೊತ್ತಿಗೆ ಸರಿಯಾಗಿ ಶುರುವಾಗಿ, ಆ ಟೇಪ್‌ಗಳನ್ನೇ ಏರಿಸಿಕೊಂಡು ಮೊದಲಿನಿಂದ ಬರೆಯತೊಡಗಿತು. ಎಲ್‌ಟಿಒ–6 ಎಂಬ ಬಗೆಯ ಟೇಪಿನಲ್ಲಿ ಸಂಕುಚನವಿಲ್ಲದೆ 2.5 ಟೆರಾಬೈಟ್ ಹಿಡಿಸುತ್ತದೆ. ಅದರ ಆರಂಭದಲ್ಲಿ ಕೆಲವೇ ಗಿಗಾಬೈಟ್ ಹೊಸದಾಗಿ ಬರೆದರೂ ದತ್ತಾಂಶ ಮುಗಿಯುವ ಗುರುತು ಅಲ್ಲಿಗೇ ಬಂದು ನಿಲ್ಲುತ್ತದೆ, ಸಾಮಾನ್ಯ ಡ್ರೈವ್ ಅದರಾಚೆಗೆ ಓದುವುದಿಲ್ಲ. ತಂತ್ರಾಂಶ ತನಗೆ ಹೇಳಿದ್ದನ್ನೇ ಮಾಡಿತು.

ಬೇರೆ ಕಟ್ಟಡದಲ್ಲಿ ಕಾಪಿ ಪೂಲ್ ಟೇಪ್‌ಗಳು, ಅಂದರೆ ಬ್ಯಾಕಪ್ಪಿನ ಎರಡನೆಯ ಪ್ರತಿ ಇರುವ ಟೇಪ್‌ಗಳು, ಇದ್ದುದರಿಂದ ಲೆಕ್ಕಪತ್ರ ಮತ್ತು ಸಂಬಳದ ಕಡತಗಳು ಮರಳಿದವು; ಕೆಟ್ಟ ಟೇಪ್‌ಗಳನ್ನು ‘ಡೆಸ್ಟ್ರಾಯ್ಡ್’ ಎಂದು ಗುರುತಿಸಿ, ಅವುಗಳಲ್ಲಿದ್ದುದನ್ನು ಪ್ರತಿಯಿಂದ ಮರುಸೃಷ್ಟಿಸಲಾಯಿತು. ವಿನ್ಯಾಸ ವಿಭಾಗದ ಹಳೆಯ ನಕ್ಷೆಗಳಿಗೆ ಕಾಪಿ ಪೂಲನ್ನು ಯಾರೂ ಏರ್ಪಡಿಸಿರಲಿಲ್ಲ. ಡಿಸ್ಕಿನಲ್ಲಿ ಜಾಗ ಉಳಿಸಲೆಂದು ಅವುಗಳ ಮೂಲವನ್ನೂ ಅಳಿಸಲಾಗಿತ್ತು. ಆ ನಕ್ಷೆಗಳನ್ನು ಬರೆದವರ ಎದುರು ನಿಂತು ಇದನ್ನು ವಿವರಿಸುವುದು ಎಷ್ಟು ಕಷ್ಟ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದ್ದರಿಂದ, ಡೇಟಾಬೇಸ್ ಪ್ರತಿಗಳನ್ನು 7 ದಿನ ಇಡುವವರು ರೀಯೂಸ್ ಡಿಲೇಯನ್ನು 7ಕ್ಕಿಂತ ಕಡಿಮೆ ಇಡಬೇಡಿ, 8 ಇದ್ದರೆ ಇನ್ನೂ ಮೇಲು. ಕಾಪಿ ಪೂಲಿಗೂ ಇದೇ ನಿಯಮ. ಇದಕ್ಕಾಗಿ ಹೆಚ್ಚುವರಿ ಟೇಪ್ ಬೇಕಾದರೆ ಆ ಖರ್ಚನ್ನು ಬರಹದಲ್ಲೇ ಕೇಳಿ. ದೋಷ ತೋರಿಸಿದ ಟೇಪಿನ ಬಾರ್‌ಕೋಡನ್ನು ಸರ್ವರಿನ ಹೊರಗೆ ಬರೆದಿಟ್ಟು, ಅದು ಖಾಲಿಯಾದೊಡನೆ ಲೈಬ್ರರಿಯಿಂದ ಹೊರತೆಗೆಯಿರಿ. ಹಳೆಯ ಡೇಟಾಬೇಸನ್ನು ತರಲೇಬೇಕಾಗಿ ಬಂದರೆ, ಸರ್ವರನ್ನು ಎಬ್ಬಿಸುವ ಮೊದಲೇ ಅದರ ಆಯ್ಕೆಗಳ (ಆಪ್ಷನ್ಸ್) ಕಡತದಲ್ಲಿ ವೇಳಾಪಟ್ಟಿಗಳನ್ನು ನಿಲ್ಲಿಸಿ, ಅವಧಿ ಮುಗಿಸುವ ಪ್ರಕ್ರಿಯೆ ತಾನಾಗಿ ಓಡದಂತೆ ಅದರ ಅಂತರವನ್ನು ಸೊನ್ನೆ ಮಾಡಿ, ರಿಕ್ಲಮೇಶನ್ನನ್ನೂ ತಡೆಯಿರಿ. ಆಮೇಲೆ ವಾಲ್ಯೂಮ್ ಹಿಸ್ಟರಿ ಕಡತವನ್ನು (ಯಾವ ಟೇಪ್ ಯಾವಾಗ ಸೇರಿತು, ಅಳಿಯಿತು ಎಂದು ಸರ್ವರ್ ಬರೆದಿಡುವ ದಾಖಲೆ) ತೆರೆದು, ಆ ಡೇಟಾಬೇಸ್ ಪ್ರತಿಯ ನಂತರ ಹೊಸದಾಗಿ ಸೇರಿದ, ಮರುಬಳಕೆಯಾದ ಮತ್ತು ಅಳಿದ ಟೇಪ್‌ಗಳನ್ನು ಒಂದೊಂದಾಗಿ ಪಟ್ಟಿಮಾಡಿ, ಹೊಸದಾಗಿ ಬರೆದ ಟೇಪ್‌ಗಳು ಸ್ಕ್ರ್ಯಾಚ್ ಗುಂಪಿನಲ್ಲಿ ಉಳಿಯದಂತೆ ಮೊದಲು ಪಕ್ಕಕ್ಕೆ ಇಡಿ. ಈ ಕಡತದ ಒಂದು ಪ್ರತಿ ಬೇರೆ ಯಂತ್ರದಲ್ಲಿ ಇರಲೇಬೇಕು. ನಮ್ಮಲ್ಲಿ ಅದು ಕೆಟ್ಟುಹೋದ ಅದೇ ಡಿಸ್ಕ್ ಅರೇಯಲ್ಲಿ ಮಾತ್ರ ಇತ್ತು.