ಕ್ಯಾನನ್ ಎಲ್‌ಬಿಪಿ 2900: ಬಿಚ್ಚಿ ಜೋಡಿಸುವವರ ಲೆಕ್ಕದಲ್ಲಿ

ನಿಮಿಷಕ್ಕೆ 12 ಪುಟ, 150 ಹಾಳೆಯ ಟ್ರೇ, ಕಂಪ್ಯೂಟರಿಗೆ ಜೋಡಿಸಲು ಯುಎಸ್‌ಬಿ ಕೇಬಲ್ ಒಂದೇ. ವೈಫೈ ಇಲ್ಲ, ಎರಡೂ ಬದಿಗೆ ತಾನಾಗಿ ಮುದ್ರಿಸುವುದೂ ಇಲ್ಲ. ಇಂದಿನ ಪ್ರಿಂಟರುಗಳ ಪಕ್ಕ ಇಟ್ಟರೆ ಎಲ್‌ಬಿಪಿ 2900 ಎಂಬ ಈ ಲೇಸರ್ ಪ್ರಿಂಟರ್ ಬಡವನೇ. ಆದರೂ ಡಿಟಿಪಿ ಸೆಂಟರು, ಜೆರಾಕ್ಸ್ ಅಂಗಡಿ, ತೋಟದ ಲೆಕ್ಕ ಬರೆಯುವ ಆಫೀಸು ಎಂದು ಈ ಮೆಷಿನ್ ಬಾಳುತ್ತಲೇ ಇದೆ. ಸವೆಯುವ ಭಾಗಗಳಲ್ಲಿ ಹೆಚ್ಚಿನವು ಇದರಲ್ಲಿ ಕೈಗೆ ಸಿಗುವ ಜಾಗದಲ್ಲಿವೆ. ಮೈಸೂರಿನಿಂದಲೋ ಮಂಗಳೂರಿನಿಂದಲೋ ಸ್ಪೇರ್ ತರಿಸಿಕೊಳ್ಳಬೇಕಾದ ಕೊಡಗಿನಂಥ ಊರಿಗೆ ಅದಕ್ಕಿಂತ ದೊಡ್ಡ ಗುಣ ಬೇರೆ ಬೇಡ. ಎಚ್‌ಪಿ 1020, ಎಂ1005 ಇದೇ ಕುಟುಂಬದವು. ಟೋನರ್ ಎಂಬ ಮುದ್ರಣದ ಪುಡಿ ತುಂಬಿದ ಕಾರ್ಟ್ರಿಜ್, ಎಚ್‌ಪಿಯ 12ಎ ಇರಲಿ ಕ್ಯಾನನ್‌ನ 303 ಇರಲಿ, ಒಳಗೆ ಒಂದೇ ಬಗೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಬಹುಪಾಲು ಆ ಮೆಷಿನ್‌ಗಳಿಗೂ ಹೊಂದುತ್ತದೆ.

ಯಾವ ಕೆಲಸಕ್ಕೂ ಮೊದಲು ಕರೆಂಟ್. ಸ್ವಿಚ್ ಆಫ್ ಮಾಡಿದರೆ ಸಾಲದು, ಪವರ್ ಕೇಬಲನ್ನೇ ಕಿತ್ತು ಪಕ್ಕಕ್ಕಿಡಿ. ಪವರ್ ಬೋರ್ಡಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ 325 ವೋಲ್ಟ್ ಆಸುಪಾಸು ಡಿಸಿ ನಿಂತಿರುತ್ತದೆ, ಕೇಬಲ್ ತೆಗೆದ ಕ್ಷಣಕ್ಕೆ ಅದು ಇಳಿದುಹೋಗುವುದಿಲ್ಲ. ಟೋನರನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ 200 ಡಿಗ್ರಿ ಸೆಲ್ಸಿಯಸ್‌ಗೆ ಹತ್ತಿರ ಕಾದಿರುತ್ತದೆ. ಅರ್ಧ ಗಂಟೆ ಬಿಟ್ಟು ಕೈ ಹಾಕುವುದು ಒಳ್ಳೆಯ ಅಭ್ಯಾಸ. ಇನ್ನೊಂದು ಮಾತು ಲೇಸರ್ ಕಿರಣದ್ದು: ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಮುಚ್ಚಳ ತೆರೆದಾಗ ಲೇಸರನ್ನು ನಿಲ್ಲಿಸುವ ಸ್ವಿಚ್ಚಿಗೆ ಕಡ್ಡಿ ತುರುಕಿ, ಮೆಷಿನ್ ಓಡಿಸಿ ಒಳಗೆ ಇಣುಕುವ ಚಾಳಿ ಕೆಲವರಿಗಿದೆ. ಕಣ್ಣು ಹೋದರೆ ಅದಕ್ಕೆ ಸ್ಪೇರ್ ಇಲ್ಲ.

ಮೊದಲು ಸವೆಯುವುದು ಪಿಕಪ್ ರೋಲರ್. ಟ್ರೇಯಲ್ಲಿ ಹಾಳೆ ಇದ್ದರೂ ಎಳೆಯದಿರುವುದು, ನಾಲ್ಕೈದು ಸಲ ಕರಕರ ಎಂದು ಸೋಲುವುದು ಇದರ ಗುರುತು. ಕಾರ್ಟ್ರಿಜ್ ಹೊರತೆಗೆದು ಒಳಗೆ ನೋಡಿದರೆ ನಡುವೆ ಅರ್ಧಚಂದ್ರದ ಆಕಾರದ ರಬ್ಬರ್ ಇದೆ. ಹೊಸತಾಗಿದ್ದಾಗ ಅದರ ಮೈ ಒರಟು, ಮಂಕು. ಸವೆದಾಗ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಂತೆ ನುಣುಪಾಗಿ ಹೊಳೆಯುತ್ತದೆ, ಬೆರಳಿಟ್ಟರೆ ಜಾರುತ್ತದೆ. ಎರಡೂ ತುದಿಯಲ್ಲಿ ಪುಟ್ಟ ಬಿಳಿ ಪ್ಲಾಸ್ಟಿಕ್ ಕೊಕ್ಕೆಗಳಿವೆ. ಅವನ್ನು ಹೊರಕ್ಕೆ ಸರಿಸಿ, ರೋಲರನ್ನು ನಿಮ್ಮ ಕಡೆಗೆ ತಿರುಗಿಸಿ, ಮೆಲ್ಲಗೆ ಮೇಲಕ್ಕೆತ್ತಿದರೆ ಬಂದುಬಿಡುತ್ತದೆ. ಸ್ಕ್ರೂಡ್ರೈವರ್ ಬೇಕಿಲ್ಲ. ಹೊಸದರ ಒಂದು ತುದಿಯ ತೂತು ದುಂಡು, ಇನ್ನೊಂದರದು ಚೌಕ, ಹಾಗಾಗಿ ತಿರುಗಾಮುರುಗಾ ಕೂರಿಸಲು ಆಗುವುದೇ ಇಲ್ಲ. ವಿನ್ಯಾಸ ಮಾಡಿದವರು ರಿಪೇರಿ ಮಾಡುವವರನ್ನು ನೆನೆದಿದ್ದಾರೆ ಎನಿಸುವುದು ಇಂಥ ಕಡೆ. ಜಾಗಕ್ಕಿಟ್ಟು ಆಚೆಗೆ ತಿರುಗಿಸಿದರೆ ಎರಡೂ ಕಡೆ ಟಕ್ ಎನ್ನಬೇಕು. ಒಂದೇ ಟಕ್ ಕೇಳಿಸಿದರೆ ರೋಲರ್ ಓರೆ ಕೂತಿದೆ, ಹಾಳೆಯೂ ಓರೆಯಾಗಿಯೇ ಹೋಗುತ್ತದೆ. ಬರಿಗೈಯಲ್ಲಿ ರಬ್ಬರ್ ಮುಟ್ಟಬೇಡಿ, ಬೆರಳಿನ ಎಣ್ಣೆ ಸಾಕು ಹಿಡಿತ ಕೆಡಿಸಲು. ಎಮೆರಿ ಪೇಪರಿನಲ್ಲಿ ಉಜ್ಜಿ ಒರಟು ಮಾಡಿಕೊಡುವವರಿದ್ದಾರೆ, ಕೆಲವು ವಾರ ಓಡೀತು, ಆಮೇಲೆ ಮೊದಲಿಗಿಂತ ಕಡೆ. ಸ್ಪೇರ್ ಬರುವ ತನಕ ತಳ್ಳಬೇಕೆಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ನೂಲುಬಿಡದ ಬಟ್ಟೆಯಲ್ಲಿ ಒರೆಸಿ.

ರೋಲರ್ ಬದಲಿಸಿಯೂ ಎರಡು ಮೂರು ಹಾಳೆ ಒಟ್ಟಿಗೆ ಎಳೆಯುತ್ತಿದ್ದರೆ, ಹಾಳೆಗಳನ್ನು ಒಂದೊಂದಾಗಿ ಬೇರ್ಪಡಿಸುವ ಸೆಪರೇಶನ್ ಪ್ಯಾಡ್ ಸವೆದಿದೆ. ಕಾಗದ, ಕಾರ್ಟ್ರಿಜ್ ಎರಡನ್ನೂ ತೆಗೆದು ಮೆಷಿನನ್ನು ಮೂತಿಯ ಮೇಲೆ ನಿಲ್ಲಿಸಿದರೆ ತಳದಲ್ಲಿ ಪ್ಯಾಡಿನ ಎರಡು ಸ್ಕ್ರೂ ಕಾಣುತ್ತವೆ. ಅಷ್ಟೇ ಕೆಲಸ. ರೋಲರನ್ನೂ ಪ್ಯಾಡನ್ನೂ ಒಟ್ಟಿಗೇ ಬದಲಿಸಿ, ಹೊಸ ರೋಲರ್ ಹಳೆ ಪ್ಯಾಡಿನ ಜೊತೆ ಹೊಂದಿಕೊಳ್ಳುವುದು ಕಡಿಮೆ.

ಹಾಳೆ ಎಳೆಯದಿದ್ದಾಗಲೆಲ್ಲ ರೋಲರಿನ ಮೇಲೇ ಅನುಮಾನ ಪಡುವುದೂ ತಪ್ಪು. ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ಬಿಚ್ಚಿಟ್ಟ ರೀಮಿನಿಂದ ಒಂದು ಹಾಳೆ ತೆಗೆದು ಕಿವಿಯ ಹತ್ತಿರ ಅಲುಗಾಡಿಸಿ ನೋಡಿ. ಒಣ ಹಾಳೆ ಪಟಪಟ ಎನ್ನುತ್ತದೆ, ತೇವ ಕುಡಿದದ್ದು ಬಟ್ಟೆಯಂತೆ ಸುಮ್ಮನಿರುತ್ತದೆ. ಅದನ್ನೇ ಮುದ್ರಿಸಿದರೆ ಹಿಂದಿನಿಂದ ಹಬೆ ಏಳುತ್ತದೆ, ಹಾಳೆ ದೋಣಿಯಂತೆ ಸುರುಳಿಯಾಗುತ್ತದೆ, ಅಕ್ಷರ ಅಲ್ಲಲ್ಲಿ ತೆಳುವಾಗುತ್ತದೆ. ಒದ್ದೆ ಕಾಗದದಲ್ಲಿ ವಿದ್ಯುದಂಶ ನಿಲ್ಲದೆ ಸೋರಿಹೋಗುವುದರಿಂದ ಟೋನರ್ ಪೂರ್ತಿಯಾಗಿ ಡ್ರಮ್ಮಿನಿಂದ, ಅಂದರೆ ಕಾರ್ಟ್ರಿಜ್ ಒಳಗೆ ಅಕ್ಷರ ಮೂಡುವ ಉರುಳೆಯಿಂದ, ಕಾಗದಕ್ಕೆ ಇಳಿಯುವುದಿಲ್ಲ. ಟೋನರ್ ಮುಗಿಯಿತೆಂದು ಆಗ ರೀಫಿಲ್ ಮಾಡಿಸಿದರೆ ದುಡ್ಡು ದಂಡ. ಬೇಕಾದಷ್ಟೇ ಹಾಳೆ ಟ್ರೇಗೆ ಹಾಕಿ, ಉಳಿದದ್ದನ್ನು ಅದರ ಹೊದಿಕೆಯಲ್ಲೇ ಸುತ್ತಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಿ, ಸಂಜೆ ಟ್ರೇ ಖಾಲಿ ಮಾಡಿ. ಕುಶಾಲನಗರದ ಕಡೆ ಇಷ್ಟು ಬೇಕಾಗದು. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇದು ದಿನದ ಕೆಲಸ.

ಕಾರ್ಟ್ರಿಜ್ ವಿಷಯಕ್ಕೆ ಬಂದರೆ ಹೆಚ್ಚಿನ ತಕರಾರು ಹುಟ್ಟುವುದು ರೀಫಿಲ್‌ನಲ್ಲಿ. ಹೊಸ ಕಾರ್ಟ್ರಿಜ್ 2000 ಪುಟದ್ದು, ಅದೂ ಪುಟದ ಶೇಕಡ 5ರಷ್ಟು ಜಾಗ ಮಾತ್ರ ಕಪ್ಪಾದರೆ. ಒತ್ತಾಗಿ ತುಂಬಿದ ಕನ್ನಡ ಪುಟಕ್ಕೆ ಇದಕ್ಕಿಂತ ಹೆಚ್ಚೇ ಟೋನರ್ ಹೋಗುತ್ತದೆ. ರೀಫಿಲ್ ಎಂದರೆ ಸುಮಾರು 100 ಗ್ರಾಂ ಟೋನರ್ ಸುರಿಯುವುದು ಎಂದು ತಿಳಿದವರು ಅರ್ಧ ಕೆಲಸ ಮಾಡುತ್ತಾರೆ. ಡ್ರಮ್ಮಿನಿಂದ ಕೆರೆದ ಹಳೆ ಪುಡಿ ವೇಸ್ಟ್ ಡಬ್ಬಿಯಲ್ಲಿ ತುಂಬಿಕೊಂಡಿರುತ್ತದೆ. ಅದನ್ನು ಖಾಲಿ ಮಾಡದೆ ಹೊಸ ಟೋನರ್ ಹಾಕಿದರೆ ಸ್ವಲ್ಪ ದಿನದಲ್ಲೇ ಆ ವೇಸ್ಟ್ ಉಕ್ಕಿ ಪುಟದ ಉದ್ದಕ್ಕೂ ಕಪ್ಪು ಗೆರೆ ಬೀಳುತ್ತದೆ. ಸರಿಯಾದ ಕ್ರಮದಲ್ಲಿ ಪಕ್ಕದ ಪಿನ್ ತೆಗೆದು ಎರಡು ಭಾಗ ಬೇರ್ಪಡಿಸಬೇಕು. ಡ್ರಮ್, ಅದರ ಹಿಂದೆ ಅದಕ್ಕೆ ವಿದ್ಯುದಂಶ ಕೊಡುವ ಪಿಸಿಆರ್ ಎಂಬ ರೋಲರ್, ಹಳೆ ಪುಡಿ ಕೆರೆಯುವ ಎರಡು ಸ್ಕ್ರೂಗಳ ವೈಪರ್ ಬ್ಲೇಡ್ ಕಳಚಿ ವೇಸ್ಟ್ ಸುರಿಯಬೇಕು. ಸೋಲ್ಡರಿಂಗ್ ಕಡ್ಡಿಯಲ್ಲಿ ತೂತು ಕೊರೆದು ತುಂಬಿ ಟೇಪ್ ಹಚ್ಚುವವರ ಬಳಿ ಕಾರ್ಟ್ರಿಜ್ ಕೊಡಬೇಡಿ. ಕರಗಿದ ಪ್ಲಾಸ್ಟಿಕ್ಕಿನ ಚೂರು ಡ್ರಮ್ಮಿಗೆ ಟೋನರ್ ಒಯ್ಯುವ ಮ್ಯಾಗ್ನೆಟ್ ರೋಲರಿಗೆ ಸಿಕ್ಕಿದರೆ, ಟೋನರ್ ಪದರ ಸಮ ಮಾಡುವ ಡಾಕ್ಟರ್ ಬ್ಲೇಡಿಗೂ ಗಾಯ. ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: ವೇಸ್ಟ್ ತೆಗೆಯುತ್ತೀರಾ?

ಡ್ರಮ್ಮಿನ ಹಸಿರು ಅಥವಾ ನೀಲಿ ಮೈ ಬೆಳಕಿಗೆ ಹೆದರುತ್ತದೆ. ಹೊರತೆಗೆದ ಕೂಡಲೇ ಕಪ್ಪು ಬಟ್ಟೆಯಲ್ಲಿ ಸುತ್ತಿ, ಬಿಸಿಲಿಗಂತೂ ಹಿಡಿಯಲೇಬೇಡಿ. ತಿರುಗಿಸುವುದಾದರೆ ಅದು ಓಡುವ ದಿಕ್ಕಿಗೆ ಮಾತ್ರ. ಎದುರು ದಿಕ್ಕಿಗೆ ತಿರುಗಿಸಿದರೆ ವೈಪರ್ ಬ್ಲೇಡಿನ ಅಂಚು ಮಗುಚಿಕೊಳ್ಳುತ್ತದೆ. ಕಲೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಒಂದು ಸ್ಕೇಲ್ ಸಾಕು. ಡ್ರಮ್ಮಿನ ಅಡ್ಡಳತೆ 24 ಮಿಲಿಮೀಟರ್, ಆದ್ದರಿಂದ ಅದರ ಮೇಲಿನ ಗೀರು ಕಾಗದದಲ್ಲಿ ಪ್ರತಿ 75 ಮಿಲಿಮೀಟರಿಗೊಮ್ಮೆ ಮರುಕಳಿಸುತ್ತದೆ. ಪಿಸಿಆರ್ ಕೊಳೆಯಾದರೆ ಅಂತರ ಸುಮಾರು 38. ಇಷ್ಟು ಅಳೆಯದೆ ಭಾಗ ತರಿಸಬೇಡಿ.

ಚೆಲ್ಲಿದ ಟೋನರನ್ನು ಮನೆಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಯಬಾರದು. ಪುಡಿ ಎಷ್ಟು ನಯವೆಂದರೆ ಫಿಲ್ಟರ್ ದಾಟಿ ಮೋಟಾರಿಗೆ ಹೋಗಿ ಕಿಡಿ ಹತ್ತುವ ಅಪಾಯವಿದೆ. ಬ್ಲೋವರ್ ಹಿಡಿದರೆ ಕೋಣೆಯೆಲ್ಲ ಹರಡಿ ಮೂಗಿಗೂ ಸೇರುತ್ತದೆ. ಒಣ ಬಟ್ಟೆ, ಮೃದು ಬ್ರಷ್, ಮುಖಕ್ಕೆ ಮಾಸ್ಕ್. ಕೈಗೆ ತಣ್ಣೀರು ಮಾತ್ರ, ಬಿಸಿನೀರು ತಾಗಿದರೆ ಟೋನರ್ ಕರಗಿ ಅಂಟುತ್ತದೆ. ಕಾರ್ಟ್ರಿಜ್ ಕೆಳಗಿರುವ ಕಪ್ಪು ಸ್ಪಂಜಿನ ಟ್ರಾನ್ಸ್‌ಫರ್ ರೋಲರಿಗೆ ಬಟ್ಟೆಯನ್ನೂ ಸೋಕಿಸಬೇಡಿ.

ಈ ಮೆಷಿನ್ನಿಗೆ ಅಂಕ ಕಡಿಮೆ ಕೊಡಬೇಕಾದ ಜಾಗ ಫ್ಯೂಸರ್. ಸೆರಾಮಿಕ್ ಹೀಟರಿನ ಸುತ್ತ ತಾಮ್ರದ ಬಣ್ಣದ ತೆಳು ಕೊಳವೆಯೊಂದು ಸುತ್ತುತ್ತದೆ, ನಮ್ಮ ಕಡೆ ಅದನ್ನು ಟೆಫ್ಲಾನ್ ಎನ್ನುತ್ತಾರೆ. ಬೇಗ ಕಾಯುತ್ತದೆ, ಕರೆಂಟ್ ಉಳಿಸುತ್ತದೆ, ಆದರೆ ಒಂದು ಸ್ಟೇಪಲ್ ಪಿನ್ ಒಳಹೋದರೂ ಹರಿಯುತ್ತದೆ. ಸಿಕ್ಕಿದ ಹಾಳೆಯನ್ನು ಬಂದ ದಾರಿಗೆ ಜಗ್ಗಿದರೂ, ಅಂಟಿದ ಲೇಬಲನ್ನು ಬ್ಲೇಡಿನಿಂದ ಕೆರೆದರೂ ಅದೇ ಗತಿ. ಹರಿದ ಟೆಫ್ಲಾನ್ ಓಡುವಾಗ ಚರಚರ ಎನ್ನುತ್ತದೆ, ಪುಟದ ಒಂದೇ ಪಕ್ಕದಲ್ಲಿ ಅಕ್ಷರ ಒರೆಸಿ ಹೋಗುತ್ತದೆ. ಖಚಿತ ಮಾಡಿಕೊಳ್ಳಲು ಹಾಳೆ ಅರ್ಧ ಹೋದಾಗ ಮುಚ್ಚಳ ತೆರೆಯಿರಿ. ಫ್ಯೂಸರಿಗೆ ಇನ್ನೂ ತಲುಪದ ಭಾಗದಲ್ಲಿ ಅಕ್ಷರ ಸ್ವಚ್ಛವಾಗಿದ್ದರೆ ಕಾರ್ಟ್ರಿಜ್ ನಿರಪರಾಧಿ.

ಟೆಫ್ಲಾನ್ ಬದಲಿಸುವುದು ಅಭ್ಯಾಸ ಇದ್ದವರ ಕೆಲಸ. ಪ್ರತಿ ಕನೆಕ್ಟರ್ ಕೀಳುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ವೈರ್ ಹಿಡಿದು ಜಗ್ಗದೆ ಕನೆಕ್ಟರಿನ ಮೈ ಹಿಡಿದು ತೆಗೆಯಿರಿ, ಬಿಸಿ ಅಳೆಯುವ ಥರ್ಮಿಸ್ಟರಿನ ವೈರ್ ನೂಲಿನಷ್ಟು ನಾಜೂಕು. ಲೋಹಕ್ಕೆ ಹೋಗುವ ಸ್ಕ್ರೂವಿನ ಮರೆ (ಥ್ರೆಡ್) ಸಣ್ಣದು, ಪ್ಲಾಸ್ಟಿಕ್ಕಿಗೆ ಹೋಗುವುದರದು ಅಗಲ. ಅದಲುಬದಲಾದರೆ ತೂತೇ ಹಾಳು, ಬೇರೆ ಬೇರೆ ಬಟ್ಟಲಲ್ಲಿಡಿ. ಹೀಟರಿನ ಮೇಲೆ ತೆಳುವಾಗಿ ಹಚ್ಚಬೇಕಾದದ್ದು ಹೆಚ್ಚು ಉಷ್ಣ ತಡೆಯುವ ಫ್ಯೂಸರ್ ಗ್ರೀಸ್. ಗಾಡಿಯ ಗ್ರೀಸ್ ಒಣಗಿ ಹೊಸ ಟೆಫ್ಲಾನನ್ನೂ ಹರಿಯುತ್ತದೆ. ಎರಡೂ ಕಡೆಯ ಸ್ಪ್ರಿಂಗ್ ಸಮವಾಗಿ ಕೂರದಿದ್ದರೆ ಹಾಳೆ ಮಡಿಚಿಕೊಂಡು ಹೊರಬರುತ್ತದೆ. ಪ್ರೆಶರ್ ರೋಲರಿನ ಬುಷ್ ಸವೆದಿದ್ದರೆ ಆಗಲೇ ಬದಲಿಸಿ. ಸುಟ್ಟ ಥರ್ಮಲ್ ಫ್ಯೂಸನ್ನು ವೈರ್ ಹಾಕಿ ಶಾರ್ಟ್ ಮಾಡಿಕೊಡುತ್ತೇವೆ ಎನ್ನುವವರಿದ್ದರೆ ಮೆಷಿನ್ ಎತ್ತಿಕೊಂಡು ಎದ್ದು ಬನ್ನಿ. ಬೆಂಕಿ ತಡೆಯಲು ಇರುವುದೇ ಆ ಫ್ಯೂಸ್.

ಇದೇ ಹೀಟರಿನ ಕಾರಣಕ್ಕೆ ಈ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಜೋಡಿಸಬಾರದು. ಕಾಯುವಾಗ ಒಮ್ಮೆಲೇ ಹಲವು ನೂರು ವ್ಯಾಟ್ ಎಳೆದು ಯುಪಿಎಸ್ ಟ್ರಿಪ್ ಆಗುತ್ತದೆ. ನೇರ ಗೋಡೆಯ ಪಾಯಿಂಟ್‌ಗೆ, ಅರ್ಥಿಂಗ್ ಇರುವ ಮೂರು ಪಿನ್ನಿನಲ್ಲಿ. ಗುಡುಗು ಶುರುವಾದರೆ ಕೇಬಲ್ ತೆಗೆದಿಡಿ. ಲೇಸರ್ ಸ್ಕ್ಯಾನರಿನ ಕನ್ನಡಿಗೆ ತೇವದ ಮಂಜು ಹಿಡಿದು ಮುದ್ರಣ ಉದ್ದುದ್ದ ಮಾಸಲಾಗುವುದು ಮಳೆಗಾಲದ ಇನ್ನೊಂದು ಕಾಯಿಲೆ. ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನಿಮ್ಮದೇ ಒಣ ಕಾಗದ ಒಯ್ದು 20 ಪುಟ ಸತತ ಮುದ್ರಿಸಿ ನೋಡಿ. ಮೊದಲ ಪುಟ ಚೆನ್ನಾಗಿ ಬರುವುದು ದೊಡ್ಡದಲ್ಲ, ಕಾದ ಮೇಲೆ ಟೆಫ್ಲಾನ್ ಮಾತಾಡುತ್ತದೆ. ಬಂದ ಹಾಳೆಯ ಮೇಲೆ ಹೆಬ್ಬೆರಳಿನಿಂದ ಉಜ್ಜಿ. ಕಪ್ಪು ಹತ್ತಿದರೆ ಫ್ಯೂಸರ್ ಸಾಕಷ್ಟು ಕಾಯುತ್ತಿಲ್ಲ, ರಿಪೇರಿ ಖರ್ಚು ಕಳೆದು ಬೆಲೆ ಮಾತಾಡಿ. ಕೊನೆಗೆ ಮುಚ್ಚಳ ತೆರೆದು ಒಳಗೆ ಟಾರ್ಚ್ ಬಿಡಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಹಲ್ಲಿಗೆ ಗೇರುಗಳ ಸಂದು ಇಷ್ಟ. ಹಿಕ್ಕೆ ಕಂಡರೆ ಬ್ರಷ್‌ನಲ್ಲಿ ತೆಗೆಸಿದ ನಂತರವೇ ಕರೆಂಟ್ ಕೊಡಿಸಿ.